ಗುರವ್ವನ ಹಲ್ಲು, ಪಟಾಲಮ್ಮನ ಕೋಡುಬಳೆ

ಎದುರು ಅಂಗಡಿ ಗುರವ್ವ ಕೋಡುಬಳೆ ಕಡಿದರೆ ಆ ಸದ್ದು ರಸ್ತೆ ದಾಟಿ ಬಂದು ಪಟಾಲಮ್ಮನ ಹೊಟ್ಟೆಗೆ ಬೆಂಕಿ ಹಚ್ಚುತ್ತಿತ್ತು. ಕಟುಂ! ಗಿರಾಕಿ ಬಂದು ನಿಂತರೆ ಸಾಕು, ಆಕೆ ಡಬ್ಬಿಯಿಂದ ಒಂದನ್ನು ತೆಗೆದು ಅವರ ಕಣ್ಣೆದುರಿಗೇ ಕಡಿದು, "ನೋಡ್ರೀ ಅಕ್ಕಾರ, ಹೆಂಗ ಖಡಕ್ ಅದಾವ!" ಅನ್ನುತ್ತಿದ್ದಳು. ಅಂದು ಸುಮ್ಮನಿರುತ್ತಿದ್ದಳಾ? ಇಲ್ಲ, ನಗುತ್ತಿದ್ದಳು. ಪಟಾಲಮ್ಮನಿಗೆ ಸಹಿಸೋಕೆ ಆಗದೇ ಇದ್ದದ್ದು ಆ ನಗು. ಒಂದೂ ಬಿಟ್ಟುಹೋಗದ, ಒಂದೂ ಕಪ್ಪಾಗದ, ಸಾಲಾಗಿ ಕೂತ ಹಲ್ಲುಗಳು.

"ಆಹಾಹಾ, ಹಲ್ಲು ಮಾರೋಕೆ ಕೂತವಳೆ ನೋಡಿ" ಅಂತ ಪಟಾಲಮ್ಮ ಗಂಡನಿಗೆ ಹೇಳುತ್ತಿದ್ದಳು. ಗಂಡನ ಹೆಸರು ಉಗ್ರಪ್ಪ. ಆ ಹೆಸರು ಇಟ್ಟವರಿಗೆ ಮುಂದಾಗೋದು ಗೊತ್ತಿರಲಿಲ್ಲ, ಪಾಪ. ಉಗ್ರ ಎಲ್ಲ ಹೆಂಡತಿ ಪಾಲಿಗೆ ಹೋಗಿ, ಈತನಿಗೆ ಬರೀ ಅಪ್ಪ ಉಳಿದಿತ್ತು.

ಬಾಪೂಜಿನಗರದ ಆ ಬೀದಿಯಲ್ಲಿ ಪಟಾಲಮ್ಮನದು ಹಳೇ ಅಂಗಡಿ. ಬೋರ್ಡ್ ಮೇಲೆ 'ಶ್ರೀ ಪಟಾಲಮ್ಮ ಕಾಂಡಿಮೆಂಟ್ಸ್' ಅಂತಿರೋದು ನೋಡಿ ಹೊಸಬರು ದೇವರ ಹೆಸರು ಅಂದುಕೊಂಡು ಕೈ ಮುಗಿಯುವುದೂ ಉಂಟು. ಈಯಮ್ಮ ಬೇಡ ಅನ್ನೋಳಲ್ಲ. ಊರಂಚಿನ ಉಲ್ಲಾಳ ಇನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ ಅಲ್ಲಿಂದ ಸೊಸೆಯಾಗಿ ಬಂದವಳಿಗೆ ಈ ಕಸುಬು ಕಲಿಸಿದ್ದು ಅತ್ತೆ ಅಂಜನಮ್ಮ. ಚಿರೋಟಿ ರವೆ ಎಷ್ಟು, ಅಕ್ಕಿಹಿಟ್ಟು ಎಷ್ಟು, ಕಾದ ಎಣ್ಣೆ ಎಷ್ಟು ಅಂತೆಲ್ಲ ಹೇಳಿಕೊಟ್ಟ ಮೇಲೆ ಆ ಮುದುಕಿ ಒಂದು ಮಾತು ಹೇಳಿದ್ದಳು: "ನೀನು ಕಡಿದ್ರೆ ಪಕ್ಕದ ಮನೆಯೋಳಿಗೆ ಕೇಳಿಸ್ಬೇಕು ಕಣೇ. ಕೇಳಿಸ್ಲಿಲ್ವಾ, ತಿರುಗಿ ಬಾಣಲೆಗೆ ಹಾಕು." ಆ ಮಾತಿನ ಮೇಲೇ ಅಂಗಡಿ ನಿಂತಿತ್ತು. ಮದುವೆ, ಸೀಮಂತ, ಗೌರಿಹಬ್ಬ ಏನೇ ಇರಲಿ, ಕೋಡುಬಳೆ ಅಂದರೆ ಪಟಾಲಮ್ಮ ಅನ್ನುತ್ತಿತ್ತು ಇಡೀ ಬಾಪೂಜಿನಗರ.

ಈಗ ಅದೇ ಬಾಪೂಜಿನಗರ ಅವಳ ಅಂಗಡಿ ಮುಂದೆ ಬಂದು, ಒಂದು ನಗು ನಕ್ಕು, ರಸ್ತೆ ದಾಟಿ ಹೋಗುತ್ತಿತ್ತು. ಬಾಗಲಕೋಟೆ ಕಡೆಯಿಂದ ಬಂದ ಗುರವ್ವ ಮೊದಲು ಖಡಕ್ ರೊಟ್ಟಿ, ಶೇಂಗಾ ಹೋಳಿಗೆ ಅಂತ ಶುರು ಮಾಡಿದಾಗ ಪಟಾಲಮ್ಮ ದೊಡ್ಡ ಮನಸ್ಸು ಮಾಡಿ ಸುಮ್ಮನಿದ್ದಳು. ಕೋಡುಬಳೆ ಇಟ್ಟಳಲ್ಲ, ಆಗ ಶುರುವಾಯಿತು ನೋಡಿ. ಅವಳು ಯಾವುದೋ ಹಾಳು ಎಣ್ಣೆ ಹಾಕ್ತಾಳೆ, ಸೋಡಾ ಹಾಕ್ತಾಳೆ, ಗಿರಾಕಿಗಳಿಗೆ ಏನೋ ಮಂಕುಬೂದಿ ಎರಚಿದಾಳೆ. ಪಟಾಲಮ್ಮ ಹುಡುಕದ ಕಾರಣವಿಲ್ಲ. ತನ್ನ ಕೋಡುಬಳೆಯಲ್ಲಿ ಏನಾದರೂ ಹೆಚ್ಚುಕಮ್ಮಿ ಆಗಿರಬಹುದು ಅಂತ ಮಾತ್ರ ಅವಳಿಗೆ ಹೊಳೆಯಲಿಲ್ಲ. ಹೇಳುವ ಧೈರ್ಯ ಯಾರಿಗಿತ್ತು? ಆಕೆಯ ಬಾಯಿ ಅಂಥದ್ದು.

ಬಾಯಿ ಜೋರು, ಸರಿ. ಆದರೆ ಆ ಬಾಯಿಯ ಒಳಗೆ ಏನಿದೆ ಅಂತ ಉಗ್ರಪ್ಪನೂ ಸರಿಯಾಗಿ ನೋಡಿರಲಿಲ್ಲ. ನಗು ಬಂದರೆ ಸೆರಗು ತಾನೇ ಮೇಲೆ ಬರುತ್ತಿತ್ತು. ಎಡಗಡೆ ದವಡೆ ಹಲ್ಲು ಎಷ್ಟೋ ವರ್ಷದ ಹಿಂದೆ ಹುಳುಕು ಹಿಡಿದು, ಅರ್ಧ ಉದುರಿ, ಉಳಿದದ್ದು ಆಗಾಗ ಎದ್ದು ಕುಣಿಯುತ್ತಿತ್ತು. ಬಲಗಡೆಯದು ಅದಕ್ಕೆ ತಮ್ಮ. ಮುಂದಿನ ಹಲ್ಲೊಂದು ಕಪ್ಪಗಾಗಿತ್ತು. ನೋವು ಬಂದರೆ ಲವಂಗ ಅಮುಕುವುದು, ಉಪ್ಪುನೀರು ಮುಕ್ಕಳಿಸುವುದು, ಮೆಡಿಕಲ್ ಸ್ಟೋರಿನ ಮಾತ್ರೆ ನುಂಗುವುದು. ಊಟದ್ದೇನೂ ತೊಂದರೆ ಇರಲಿಲ್ಲ. ಮುದ್ದೆಗೆ ಹಲ್ಲು ಬೇಕಾ? ಸಾರಲ್ಲಿ ಅದ್ದಿ ನುಂಗಿದರೆ ಆಯಿತು. ಗುರವ್ವನ ಜನ ಆ ರೊಟ್ಟಿ ಕಡಿದು ಕಡಿದೇ ಹಲ್ಲು ಹಾಗೆ ಇಟ್ಟುಕೊಂಡಿದಾರೆ ಅಂತ ಅದಕ್ಕೂ ಪಟಾಲಮ್ಮನಿಗೆ ಹೊಟ್ಟೆಕಿಚ್ಚು.

ಡಾಕ್ಟರ ಹತ್ತಿರ ಯಾಕೆ ಹೋಗಲಿಲ್ಲ ಅಂದರೆ, ಹೆದರಿಕೆ. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತೆ ಅಂತ ಅವಳ ಸೋದರತ್ತೆ ಹೇಳಿದ್ದು ಮಾತ್ರವಲ್ಲ, ಹಲ್ಲು ಕೀಳಿಸಿಕೊಂಡು ಬಂದ ವರ್ಷವೇ ಗೋಡೆ ತಡವಿಕೊಂಡು ಓಡಾಡಿ ತೋರಿಸಿದ್ದಳು. ಆ ಹೆದರಿಕೆಗಿಂತ ದೊಡ್ಡದು ಇನ್ನೊಂದಿತ್ತು, ನಾಚಿಕೆ. ಯಾವುದೋ ಮಗುವಿನ ವಯಸ್ಸಿನ ಡಾಕ್ಟ್ರು ಈ ಬಾಯಿಗೆ ಬ್ಯಾಟರಿ ಬಿಟ್ಟು, ಮೂಗು ಮುಚ್ಚಿಕೊಂಡು, "ಏನಮ್ಮಾ, ಇಷ್ಟು ವರ್ಷ ಏನ್ ಮಾಡ್ತಿದ್ರಿ?" ಅಂದುಬಿಟ್ಟರೆ? ಬೀದಿಯವರಿಗೆಲ್ಲ ಬುದ್ಧಿ ಹೇಳುವ ಪಟಾಲಮ್ಮ ಆಗ ಎಲ್ಲಿ ಮುಖ ಇಟ್ಟುಕೊಳ್ಳಬೇಕು?

ಹೀಗಿರುವಾಗ ಒಂದು ಮಧ್ಯಾಹ್ನ ಅವಳು ಹಿಂದಿನ ಒಲೆ ಹತ್ತಿರ ಹಿಟ್ಟು ಕಲಸುತ್ತಾ ಇದ್ದಳು. ಕಟುಂ! ಸದ್ದು ಎದುರಿನಿಂದ ಬರಲಿಲ್ಲ. ತನ್ನದೇ ಹಿತ್ತಿಲಿಂದ ಬಂತು. ಹೋಗಿ ನೋಡಿದರೆ ನೀರಿನ ತೊಟ್ಟಿಯ ಹಿಂದೆ ಉಗ್ರಪ್ಪ ಕುಕ್ಕರಗಾಲಲ್ಲಿ ಕೂತಿದ್ದಾನೆ. ಮಡಿಲಲ್ಲಿ ಗುರವ್ವನ ಅಂಗಡಿಯ ಪೊಟ್ಟಣ. ಕಣ್ಣು ಮುಚ್ಚಿಕೊಂಡು ಸುಖವಾಗಿ ಅಗಿಯುತ್ತಿದ್ದಾನೆ.

"ಥೂ ನಿಮ್ಮ ಜನ್ಮಕ್ಕಿಷ್ಟು!" ಅಂದಳು ಪಟಾಲಮ್ಮ. "ಕೋಡುಬಳೆ ಅಂಗಡಿ ಇಟ್ಕೊಂಡು, ಕದ್ದು ತಿನ್ನೋಕೆ ಅವಳದೇ ಬೇಕಾಯ್ತಾ? ಅವಳು ಏನು ಹಾಕಿದಾಳೆ ಅದರಲ್ಲಿ?"

"ಏನಿಲ್ಲ ಕಣೇ... ಸುಮ್ನೆ... ಸ್ವಲ್ಪ ಗಟ್ಟಿಗಿರತ್ತೆ ಅಂತ..."

ಗಂಡ ಬೇರೆ ಹೆಂಗಸನ್ನು ಇಟ್ಟುಕೊಂಡಿದ್ದರೂ ಅಷ್ಟು ಉರಿಯುತ್ತಿತ್ತೋ ಇಲ್ಲವೋ. "ಗಟ್ಟಿಯಂತೆ ಗಟ್ಟಿ! ಅದು ಕೋಡುಬಳೆ ಅಲ್ಲ, ಜಲ್ಲಿಕಲ್ಲು. ಕೊಡಿ ಇಲ್ಲಿ, ತೋರಿಸ್ತೀನಿ" ಅಂತ ಅವನ ಕೈಯಿಂದ ಒಂದನ್ನು ಕಿತ್ತುಕೊಂಡು, ಗುರವ್ವನ ಕತ್ತೇ ಸಿಕ್ಕಿತು ಅನ್ನೋ ಹಾಗೆ, ಇರುವ ಶಕ್ತಿಯೆಲ್ಲ ಹಾಕಿ ಕಡಿದಳು. ಕಟುಂ ಅಂತು. ಕೋಡುಬಳೆ ಮುರಿದದ್ದಲ್ಲ, ಎಡಗಡೆ ಮೇಲಿನ ದವಡೆ ಹಲ್ಲು ಸೀಳಿದ್ದು.

ಅಮ್ಮಮ್ಮಾ! ಆ ನೋವಿಗೆ ಲವಂಗ ನಡೆಯಲಿಲ್ಲ, ಮಾತ್ರೆ ನಡೆಯಲಿಲ್ಲ. ಮಾರನೇ ದಿನ ಅಂಗಡಿಯಲ್ಲಿ ಕೆನ್ನೆಗೆ ಕೈ ಕೊಟ್ಟು ಕೂತಿದ್ದಾಗ ಎದುರಿನಿಂದ ಮತ್ತೆ ಕಟುಂ, ಮತ್ತೆ ಆ ನಗು. ಪಟಾಲಮ್ಮ ಎದ್ದಳು. ಇವಳು ಹೀಗೆ ಕಡೀತಾನೇ ಇರ್ತಾಳೆ, ನಾನು ಕೆನ್ನೆ ಹಿಡ್ಕೊಂಡು ನೋಡ್ತಾನೇ ಇರ್ಬೇಕಾ? ಕಣ್ಣು ಹೋದರೆ ಹೋಗಲಿ, ಇವಳ ಮುಖ ನೋಡೋದಾದರೂ ತಪ್ಪುತ್ತೆ. ಮುಖಕ್ಕೆ ಮಾಸ್ಕ್ ಹಾಕಿ, ಅದರ ಮೇಲೆ ಸೆರಗು ಹೊದ್ದು, ಆಟೋ ಹತ್ತಿದಳು. ಬಾಪೂಜಿನಗರದಲ್ಲಿ ಡೆಂಟಲ್ ಕ್ಲಿನಿಕ್ ಇರಲಿಲ್ಲವಾ? ಇತ್ತು. ಆದರೆ ಅಲ್ಲಿ ಬೆಂಚಿನ ಮೇಲೆ ಗೊತ್ತಿರುವವರು ಕೂತಿರುತ್ತಾರೆ. ಅದಕ್ಕೇ ವಿಜಯನಗರಕ್ಕೆ ಹೋದಳು.

ಹೆಸರು ಕೇಳಿದರು. ಬಾಯಿಗೆ ಬಂದದ್ದು "ಅಂಜನಮ್ಮ". ಸತ್ತ ಅತ್ತೆಯ ಹೆಸರನ್ನು ಇಂಥ ಹಲ್ಲಿಗೆ ಅಂಟಿಸಿದೆನಲ್ಲಾ ಅಂತ ಒಳಗೇ ಚುರುಕ್ ಅಂದರೂ ತಿದ್ದಲಿಲ್ಲ.

ಡಾಕ್ಟರು ರಂಜಿನಿ ಅಂತ ಚಿಕ್ಕ ವಯಸ್ಸಿನ ಹುಡುಗಿ. "ಬಾಯಿ ಬಿಡಿ ಅಮ್ಮಾ" ಅಂದರು. ಪಟಾಲಮ್ಮ ಕುರ್ಚಿಯ ಕೈ ಹಿಡಿದುಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ, ಬಾಯಿ ಬಿಟ್ಟಳು. ಈಗ ಬೈತಾಳೆ, ಈಗ ಮೂಗು ಮುಚ್ಕೋತಾಳೆ ಅಂತ ಕಾದಳು. ಆ ಹುಡುಗಿ ಸುಮ್ಮನೆ ನೋಡಿ, "ಇಷ್ಟು ನೋವು ಹೇಗೆ ತಡ್ಕೊಂಡ್ರಿ ಅಮ್ಮಾ?" ಅಂದರು. ಅಷ್ಟೇ. ಪಟಾಲಮ್ಮನ ಕಣ್ಣಿಂದ ನೀರು ಜಾರಿ ಕಿವಿಯೊಳಗೆ ಹೋಯಿತು. ವರ್ಷಗಟ್ಟಲೆ ಅಂಜಿದ್ದು ಈ ಮಾತಿಗಾ ಅಂತ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ಒಂದು ಕೀಳ್ಬೇಕು. ಮೇಲಿನದು" ಅಂದರು ಡಾಕ್ಟರು.

"ಮೇಲಿನದಾ? ಕಣ್ಣು?"

ಸೋದರತ್ತೆಯ ಕಥೆ ಹೊರಗೆ ಬಂತು. "ಆಗ ಅವರಿಗೆ ವಯಸ್ಸೆಷ್ಟು ಅಮ್ಮಾ?"

"ಎಪ್ಪತ್ತು ದಾಟಿತ್ತು."

"ಪೊರೆ ಬಂದಿರತ್ತೆ. ಹಲ್ಲಿಗೂ ಅದಕ್ಕೂ ಸಂಬಂಧ ಇಲ್ಲ."

ಡಾಕ್ಟರು ಹೇಳಿದರು ಅಂತ ನಂಬೋಕಾಗುತ್ತಾ? ಇಂಜೆಕ್ಷನ್ ಆಗಿ, ಹಲ್ಲು ಬಂದು ಟ್ರೇಗೆ ಬಿದ್ದ ಮೇಲೆ ಪಟಾಲಮ್ಮ ಮೊದಲು ಮಾಡಿದ ಕೆಲಸ, ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ಗೋಡೆಯ ಕ್ಯಾಲೆಂಡರ್ ನೋಡಿದ್ದು. ತಾರೀಖು ಕಂಡಿತು. ಪಕ್ಕದಲ್ಲಿ ಸಣ್ಣಕ್ಷರದಲ್ಲಿದ್ದ ರಾಹುಕಾಲವೂ ಕಂಡಿತು. ನೋಡಿದರೆ ಅವಳು ಬಂದು ಕೂತದ್ದು ಸರಿಯಾಗಿ ರಾಹುಕಾಲದಲ್ಲೇ! ಏನೂ ಆಗಿರಲಿಲ್ಲ.

ಹತ್ತಿ ಕಚ್ಚಿಸಿ ಡಾಕ್ಟರು ಪಥ್ಯ ಹೇಳಿದರು. ಬಿಸಿ ಬೇಡ, ಖಾರ ಬೇಡ, ಮುದ್ದೆ ಆರಿಸಿ ತಿನ್ನಿ. ಗಟ್ಟಿ ಪದಾರ್ಥ ಸದ್ಯಕ್ಕೆ ಬೇಡವೇ ಬೇಡ.

ಆಮೇಲೆ ನಗುತ್ತಾ, "ಗಾಯ ಮಾಗಿದ್ಮೇಲೆ ಕುರುಕಲು ತಿನ್ಲೇಬೇಕು ಅನ್ಸಿದ್ರೆ ಒಂದು ಅಂಗಡಿ ಹೇಳ್ತೀನಿ" ಅಂದರು. "ಬಾಪೂಜಿನಗರದಲ್ಲಿ ಹಳೇ ಕಾಂಡಿಮೆಂಟ್ಸ್ ಒಂದಿದೆ, ಯಾವುದೋ ದೇವರ ಹೆಸರು. ಅಲ್ಲಿನ ಕೋಡುಬಳೆ ತಗೊಳ್ಳಿ. ಬಾಯಲ್ಲಿಟ್ರೆ ಸಾಕು, ತಾನಾಗೇ ನೆನೆದು ಹೋಗತ್ತೆ, ಅಗಿಯೋದೇ ಬೇಡ. ನಮ್ಮಲ್ಲಿ ಹಲ್ಲಿಲ್ಲದ ತಾತ ಅಜ್ಜಿಯರಿಗೆಲ್ಲ ನಾನು ಅದನ್ನೇ ಹೇಳೋದು."

ಬಾಯಲ್ಲಿ ಹತ್ತಿ ಇತ್ತು, ಪುಣ್ಯ. ಇಲ್ಲದಿದ್ದರೆ ವಿಜಯನಗರ ಕೇಳಬಾರದ್ದೆಲ್ಲ ಕೇಳುತ್ತಿತ್ತು. ಸೆರಗು ಸುತ್ತಿಕೊಂಡು ಆಟೋದಲ್ಲಿ ಕೂತ ಪಟಾಲಮ್ಮನಿಗೆ ಹಲ್ಲು ಹೋದ ಜಾಗ ನೋಯಲೇ ಇಲ್ಲ. ಹಲ್ಲಿಲ್ಲದವರ ಕೋಡುಬಳೆ! ಅತ್ತೆ ಹೆಸರು ಹೇಳಿಕೊಂಡು ಕೂತು, ಆ ಮಾತು ಕೇಳಿಸಿಕೊಂಡು ಬಂದೆನಲ್ಲಾ!

ಮನೆಗೆ ಬಂದು ಸಂಜೆ ಮಾತು ಬರುವ ಹಾಗಾದ ಮೇಲೆ ಗಂಡನನ್ನು ಕರೆದು ಕೂರಿಸಿದಳು. "ನಿಜ ಹೇಳಿ. ನಮ್ಮ ಕೋಡುಬಳೆ ಮೆತ್ತಗಿದ್ಯಾ?"

ಉಗ್ರಪ್ಪ ಬಾಗಿಲ ಕಡೆ ನೋಡಿದ. ಓಡಲು ದಾರಿ ಇರಲಿಲ್ಲ. "ಹ್ಞೂ ಕಣೇ."

"ಯಾವಾಗಿಂದ?"

"ನಿಂಗೆ ಹಲ್ಲುನೋವು ಶುರುವಾದಾಗಿಂದ. ಮೊದಲು ನೀನು ಎಣ್ಣೆ ಸದ್ದು ನಿಲ್ಲೋತನಕ ಬೇಯಿಸ್ತಿದ್ದೆ. ಆಮೇಲಾಮೇಲೆ ರುಚಿ ನೋಡಿ, ಗಟ್ಟಿಯಾಯ್ತು ಅಂತ ಬೇಗ ಬೇಗ ತೆಗೆಯೋಕೆ ಶುರು ಮಾಡ್ದೆ. ಹಿಟ್ಟಿಗೆ ಎಣ್ಣೆನೂ ಜಾಸ್ತಿ ಹಾಕ್ದೆ. ನಿನ್ನ ಬಾಯಿಗೆ ಅದು ಸರಿ ಇತ್ತು."

"ಮತ್ತೆ ಹೇಳೋಕೇನಾಗಿತ್ತು ನಿಮಗೆ ದಾಡಿ?"

"ನಿನ್ನ ಮುಂದೆ ಬಾಯಿ ಬಿಡೋದಕ್ಕಿಂತ ಆ ಡಾಕ್ಟರ ಮುಂದೆ ಬಿಡೋದು ವಾಸಿ" ಅಂದ ಉಗ್ರಪ್ಪ. ಮದುವೆಯಾದ ಮೇಲೆ ಆತ ಆಡಿದ ಅತಿ ದೊಡ್ಡ ಮಾತು ಅದು. ಪಟಾಲಮ್ಮ ಜಗಳಕ್ಕೆ ಬರಲಿಲ್ಲ. ಅಳುವೂ ಬಂತು, ನಾಚಿಕೆಯೂ ಆಯಿತು. ಗುರವ್ವ ಮಾಟ ಮಾಡಿರಲಿಲ್ಲ, ಸೋಡಾ ಹಾಕಿರಲಿಲ್ಲ. ಅತ್ತೆಯ ಹೆಸರು ಕೆಡಿಸಿದ್ದು ತನ್ನ ಬಾಯಿ, ಅದನ್ನು ಮುಚ್ಚಿಟ್ಟುಕೊಂಡ ತನ್ನ ಸೆರಗು.

ಆಮೇಲೆ ಅವಳನ್ನು ಯಾರೂ ಒತ್ತಾಯ ಮಾಡಬೇಕಾಗಲಿಲ್ಲ. ತಾನೇ ಹೋದಳು, ತಾನೇ ಬಾಯಿ ಬಿಟ್ಟಳು. ಹುಳುಕು ಕ್ಲೀನ್ ಮಾಡಿಸಿ, ಬೇರು ರಿಪೇರಿ ಮಾಡಿಸಿ, ಕೀಳಿಸಿದ ಜಾಗಕ್ಕೆ ಹಲ್ಲು ಕಟ್ಟಿಸಿಕೊಂಡಳು. ಕಪ್ಪಗಿದ್ದ ಮುಂದಿನ ಹಲ್ಲಿಗೆ ಟೋಪಿ ಹಾಕಿಸುವಾಗ ಡಾಕ್ಟರಿಗೆ, "ನಮ್ಮ ಎದುರುಮನೆಯೋಳ ಹಲ್ಲಿಗಿಂತ ಒಂದು ಕೈ ಬೆಳ್ಳಗಿರ್ಲಿ" ಅಂತ ತಾಕೀತು ಮಾಡಿದಳು. ಹೊಟ್ಟೆಕಿಚ್ಚು ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ಹುಟ್ಟುಗುಣ ಸುಟ್ಟರೂ ಹೋಗೋದಿಲ್ಲ.

ಇನ್ನು ಗಟ್ಟಿ ತಿನ್ನಬಹುದು ಅಂತ ಡಾಕ್ಟರು ಹೇಳಿದ ದಿನ ಬಾಣಲೆ ಇಟ್ಟಳು. ಮೊದಲು ಡಬ್ಬದಲ್ಲಿದ್ದ ತನ್ನದೇ ಕೋಡುಬಳೆ ಒಂದನ್ನು ಕಡಿದು ನೋಡಿದಳು. ಸದ್ದೇ ಇಲ್ಲ. ಮಣ್ಣು ತಿಂದ ಹಾಗಾಯಿತು. ಇದನ್ನಾ ಇಷ್ಟು ದಿನ ಜನರಿಗೆ ಕೊಟ್ಟಿದ್ದು ಅಂತ ಇಡೀ ಡಬ್ಬ ಮೂಲೆಗಿಟ್ಟು, ಹೊಸ ಹಿಟ್ಟು ಕಲಸಿ, ಎಣ್ಣೆ ಸದ್ದು ನಿಲ್ಲುವ ತನಕ ಜಾಲರಿ ಸೌಟು ಮುಟ್ಟಲಿಲ್ಲ. ಆರಿದ ಮೇಲೆ ಒಂದನ್ನು ಹಿಡಿದುಕೊಂಡು ಅಂಗಡಿ ಮುಂದೆ, ಗುರವ್ವನಿಗೆ ಕಾಣುವ ಹಾಗೆ ನಿಂತು ಕಡಿದಳು. ಕಟುಂ!

ಗುರವ್ವ ಕತ್ತೆತ್ತಿದಳು. "ಯವ್ವಾ! ಸಪ್ಪಳಾ ಇಲ್ಲೀತನಕಾ ಬಂತ್ ನೋಡ್ರಿ" ಅಂದಳು. ಈ ಸಲ ಅವಳು ನಗಲಿಲ್ಲ. ಅದು ಪಟಾಲಮ್ಮನಿಗೆ ಹಬ್ಬದೂಟದಷ್ಟು ರುಚಿಸಿತು.

ಕೊನೇ ಸಲ ಚೆಕಪ್‌ಗೆ ಹೋದಾಗ ಒಂದು ಪೊಟ್ಟಣ ಒಯ್ದು ಡಾಕ್ಟರ ಟೇಬಲ್ ಮೇಲಿಟ್ಟಳು. ರಂಜಿನಿ ಒಂದನ್ನು ಕಡಿದು, "ಅಬ್ಬಾ! ಎಲ್ಲಿದು ಅಮ್ಮಾ ಇದು?" ಅಂದರು.

"ಬಾಪೂಜಿನಗರದ ಹಳೇ ಕಾಂಡಿಮೆಂಟ್ಸ್‌ದು. ಹಲ್ಲಿಲ್ಲದೋರ್ನೆಲ್ಲ ಕಳಿಸ್ತಿದ್ರಲ್ಲಾ, ಅದೇ. ನಾನು ಅಂಜನಮ್ಮ ಅಲ್ಲ ಡಾಕ್ಟ್ರೇ, ಅದು ನಮ್ಮತ್ತೆ ಹೆಸರು. ನಾನು ಪಟಾಲಮ್ಮ. ಆ ಅಂಗಡಿ ನಂದೇ."

ಡಾಕ್ಟರ ಮುಖ ಕೆಂಪಾಯಿತು. "ಅಯ್ಯೋ, ಸಾರಿ ಅಮ್ಮಾ, ನಂಗೆ ಗೊತ್ತಿರ್ಲಿಲ್ಲ..."

"ಇರ್ಲಿ ಬಿಡಿ. ನೀವು ಹೇಳ್ದೇ ಇದ್ದಿದ್ರೆ ನಂಗೂ ಗೊತ್ತಾಗ್ತಿರ್ಲಿಲ್ಲ. ಆದ್ರೆ ಇನ್ಮೇಲೆ ಅಂಥೋರ್ನ ಕಳಿಸ್ಬೇಡಿ. ಇರೋ ಬರೋ ಹಲ್ಲೂ ಉದುರಿ ಹೋಗತ್ತೆ."

"ಹಾಗಾದ್ರೆ ಅವರನ್ನೆಲ್ಲ ಎಲ್ಲಿಗೆ ಕಳಿಸ್ಲಿ?"

ಪಟಾಲಮ್ಮ ಒಂದು ಕ್ಷಣವೂ ಯೋಚನೆ ಮಾಡಲಿಲ್ಲ. "ನಮ್ಮ ಎದುರುಗಡೆ ಗುರವ್ವ ಅಂತ ಒಬ್ಳಿದಾಳೆ. ಅವಳ ಅಂಗಡಿಗೆ ಕಳಿಸಿ" ಅಂದು, ಸೆರಗು ಸೊಂಟದಲ್ಲೇ ಇರಲು ಬಿಟ್ಟು, ಬಾಯಿ ತುಂಬ ನಕ್ಕಳು.