ಬರಿಗಣ್ಣಲ್ಲಿ ನಿಂತ ವರ್ಷಗಳು

ಕುಶಾಲನಗರದ ಒಂದು ಸಣ್ಣ ಮೂಳೆ ಆಸ್ಪತ್ರೆಯಲ್ಲಿ ನಾನು ಹದಿನಾರು ವರ್ಷಗಳಿಂದ ಎಕ್ಸ್‌ರೇ ಟೆಕ್ನಿಷಿಯನ್. ಆಪರೇಷನ್ ನಡೆಯುವಾಗ ರೋಗಿಯ ಮೂಳೆಯನ್ನು ಪರದೆಯ ಮೇಲೆ ತೋರಿಸುವ ಯಂತ್ರ ನನ್ನ ಕೈಯಲ್ಲಿರುತ್ತದೆ. ಮೈಗೆ ಸೀಸದ ಏಪ್ರನ್, ಕುತ್ತಿಗೆಗೆ ಸೀಸದ ಪಟ್ಟಿ. ಕಣ್ಣಿಗೆ ಮಾತ್ರ ಏನೂ ಇರಲಿಲ್ಲ. ಆ ಕಿರಣಗಳಿಗೆ ಬಣ್ಣವಿಲ್ಲ, ಸದ್ದಿಲ್ಲ. ಹಾಗಾಗಿ ಅವು ನೆನಪಾಗುತ್ತಲೂ ಇರಲಿಲ್ಲ.

ಕಾಫಿ ಹೂ ಬಿಟ್ಟಿದ್ದ ಒಂದು ಬೆಳಗ್ಗೆ, ಶನಿವಾರಸಂತೆಯ ಹತ್ತಿರ ಅಕ್ಕನ ಜೊತೆ ಬಸ್ಸಿಗೆ ನಡೆದು ಬರುತ್ತಿದ್ದೆ. ಬಿಸಿಲೇರಿದಂತೆ ತೋಟದ ಬಿಳುಪೆಲ್ಲ ಕರಗಿ ರಸ್ತೆಯ ಮೇಲೆ ಹರಿಯತೊಡಗಿತು. ಗಿಡ, ಬೇಲಿ, ಎದುರಿಗೆ ಬರುವ ಹೆಂಗಸರು, ಎಲ್ಲದರ ಸುತ್ತ ಬೆಳಕಿನ ನೊರೆ. ಚೆಂದವೇ ಇತ್ತು. ನಿಂತು ನೋಡಿದೆ.

"ಎಷ್ಟ್ ಮಂಜು ನೋಡೇ ಇವತ್ತು."

ಅಕ್ಕ ನನ್ನ ಮುಖ ನೋಡಿದಳು. "ಎಲ್ಲೈತೆ ಮಂಜು? ಮೊದ್ಲು ಕಣ್ ತೋರ್ಸ್ಕೊಂಡ್ ಬಾ ಹೋಗು."

"ಮಸೂರದ ಹಿಂಬದಿಗೆ ಪೊರೆ ಬಂದಿದೆ," ಅಂದರು ಕಣ್ಣಿನ ಡಾಕ್ಟರು. "ನಲವತ್ತೆರಡಕ್ಕೆ ಬೇಗಾಯ್ತು. ಶುಗರ್ ಇದ್ಯಾ? ಏನ್ ಕೆಲ್ಸ ಮಾಡ್ತೀರಿ?"

ಶುಗರ್ ಇಲ್ಲವೆಂದೆ. ಕೆಲಸ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

ಕಣ್ಣಿನ ಮಸೂರ ತನ್ನ ಹಳೆಯ ಕೋಶಗಳನ್ನು ಹೊರಚೆಲ್ಲುವುದಿಲ್ಲವಂತೆ. ಕಿರಣ ತಗುಲಿ ಕೆಟ್ಟ ಕೋಶಗಳು ವರ್ಷಗಟ್ಟಲೆ ಮೆಲ್ಲಗೆ ಹಿಂದಕ್ಕೆ ಸರಿದು, ಅಲ್ಲಿ ಮಬ್ಬಾಗಿ ಕೂರುತ್ತವಂತೆ. "ಅದ್ರಿಂದ್ಲೇ ಅಂತ ಖಂಡಿತ ಹೇಳಕ್ಕಾಗಲ್ಲ. ಅನುಮಾನ ಅಂತೂ ಇದೆ."

ಮರುದಿನ ನಮ್ಮ ಸರ್ಜನ್‌ಗೆ ಹೇಳಿದೆ. "ನಿಮಗಿಂತ ಯಂತ್ರದ ಹತ್ರ ನಿಲ್ಲೋನು ನಾನು," ಅಂದರು ಅವರು. ಮುಂದಿನ ಸಲ ಕಣ್ಣಿನ ಡಾಕ್ಟರ ಹತ್ತಿರ ನನ್ನ ಜೊತೆಗೇ ಬಂದರು. ಅವರ ಮಸೂರದಲ್ಲೂ ಚುಕ್ಕೆಗಳು ಶುರುವಾಗಿದ್ದವು.

ಕಣ್ಣಿಗೆ ಹನಿ ಹಾಕಿಸಿಕೊಂಡಿದ್ದ ನಾವಿಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತೆವು. ಹಗಲೆಲ್ಲ ಹಾಲಾಗಿ ತೇಲುತ್ತಿತ್ತು. ಬಸ್ಸುಗಳು ಬೆಳಕಿನೊಳಗಿಂದ ಹುಟ್ಟಿ ಬಂದು ಮತ್ತೆ ಬೆಳಕಿನೊಳಗೇ ಹೋಗುತ್ತಿದ್ದವು.

"ಸೀಸದ ಕನ್ನಡಕ ಕೇಳ್ಬೇಕಿತ್ತು ಸರ್ ನಾನು."

"ನೀವು ಕೇಳೋದಲ್ಲಮ್ಮ. ನಾನ್ ತರಿಸ್ಬೇಕಿತ್ತು."

ಸಿಟ್ಟು ಮಾಡಿಕೊಳ್ಳಬೇಕೆಂದು ಬಂದವಳಿಗೆ ಆ ಮುಖ ಸರಿಯಾಗಿ ಕಾಣಲೇ ಇಲ್ಲ. ಅಂಗೈಯಿಂದ ಹುಬ್ಬಿಗೆ ನೆರಳು ಮಾಡಿಕೊಂಡು ಅವರು ನೆಲ ನೋಡುತ್ತಿದ್ದರು. ನಾನೂ ಹಾಗೇ ಹುಬ್ಬಿಗೆ ಅಂಗೈ ಅಡ್ಡ ಹಿಡಿದೆ.

ಬಲಗಣ್ಣಿಗೆ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ಆಕಾಶ ಹೆದರುವಷ್ಟು ನೀಲಿಯಾಗಿತ್ತು. ಎಡಗಣ್ಣು ಇನ್ನೂ ಕಾಯಬಹುದಂತೆ.

ಈಗ ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಐದು ಸೀಸದ ಕನ್ನಡಕಗಳು ತೂಗುತ್ತವೆ. ಭಾರ, ಮೂಗಿನ ಮೇಲೆ ಗುರುತು ಬೀಳುತ್ತದೆ. ಹೊಸ ನರ್ಸ್ ಬೇಡವೆಂದು ಗೊಣಗುತ್ತಾಳೆ. ಅವಳ ಕಿವಿಗೆ ನಾನೇ ಸಿಕ್ಕಿಸಿ, ಆಮೇಲೆ ಯಂತ್ರದ ಗುಂಡಿ ಒತ್ತುತ್ತೇನೆ.