ಬಿಚ್ಚದೆ ಬಿಟ್ಟ ಹೊಲಿಗೆ

ಬೆಳಕು ಹರಿಯುವ ಹೊತ್ತಿಗೆ ಆಳಂದ ತಾಲ್ಲೂಕಿನ ಮಟಕಿಯ ಈ ಮನೆಯಲ್ಲಿ ಹಳೆಯ ದಿಂಬೊಂದಕ್ಕೆ ಇಪ್ಪತ್ತು ಸೂಜಿಗಳು ಸಾಲಾಗಿ ಚುಚ್ಚಿಕೊಂಡಿರುತ್ತವೆ. ಹತ್ತೊಂಬತ್ತರ ಗುಲಫಶಾ ಸೂಜಿಯ ಕಣ್ಣನ್ನು ನಾಲಿಗೆಯ ತುದಿಗೆ ಒತ್ತಿ, ದಾರವನ್ನು ಅಲ್ಲಿಗೇ ತಂದು, ಒಂದೇ ಸಲಕ್ಕೆ ಪೋಣಿಸುತ್ತಾಳೆ. ಹುಟ್ಟಿನಿಂದಲೇ ಅವಳಿಗೆ ಕಣ್ಣು ಕಾಣುವುದಿಲ್ಲ. 

ತಾಯಿ ನಜಮುನ್ನಿಸಾ ಆಗಲೇ ನೆಲದ ಮೇಲೆ ಹಾಸಿದ ಸೀರೆಗಳ ನಡುವೆ ಕುಳಿತಿದ್ದಾರೆ. ಇಪ್ಪತ್ತಾರು ವರ್ಷಗಳಿಂದ ಕೌದಿ ಹೊಲಿಯುತ್ತಿರುವ ಕೈ. ಪದರ ಪದರವಾಗಿ ಹೊಲಿದ ಈ ಹೊದಿಕೆ ಒಂದಕ್ಕೆ ಒಂಬತ್ತು ಹಳೆಯ ಸೀರೆ, ಹದಿನೈದು ದಿನ. "ನನಗ ಈಗ ಸೂಜಿ ಕಣ್ಣು ಕಾಣಂಗಿಲ್ರಿ. ಆಕಿ ಪೋಣಿಸಿ ಕೊಟ್ರನ ನನ್ನ ಕೆಲಸ ಸುರು," ಎನ್ನುತ್ತಾರೆ.

ಗಂಡ ಹುಸೇನಪೀರ ಬೇಳೆ ಮಿಲ್ಲಿನಲ್ಲಿ ದುಡಿಯುತ್ತಿದ್ದವರು, ತೀರಿಕೊಂಡು ಹನ್ನೊಂದು ವರ್ಷ. ಮಗಳು ಚಿಕ್ಕವಳಿದ್ದಾಗ ನಜಮುನ್ನಿಸಾ ಅವಳನ್ನು ಎತ್ತಿಕೊಂಡು ಕಲಬುರಗಿಯ ಆಸ್ಪತ್ರೆಗಳಿಗೆ ಅಲೆದದ್ದಕ್ಕೆ ಲೆಕ್ಕವಿಲ್ಲ. ಇನ್ನು ಬರಬೇಡಿ, ಮಾಡುವಂಥದ್ದು ಏನೂ ಇಲ್ಲ ಎಂದು ವೈದ್ಯರು ಹೇಳಿದ ದಿನ, ಬಸ್ಸಿನಲ್ಲಿ ಪಕ್ಕ ಕುಳಿತ ಹೆಂಗಸು ಏನೊಂದನ್ನೂ ಕೇಳದೆ ಮಗುವನ್ನು ತನ್ನ ತೊಡೆಗೆ ಹಾಕಿಕೊಂಡು ಆಳಂದದವರೆಗೂ ತಟ್ಟಿದಳಂತೆ. ಅವಳ ಹೆಸರು ನಜಮುನ್ನಿಸಾಗೆ ಗೊತ್ತಿಲ್ಲ, ಬಳೆಯ ಬಣ್ಣ ನೆನಪಿದೆ.

ತಾನಿಲ್ಲದಾಗ ಮಗಳ ಗತಿಯೇನು ಎಂಬ ಒಂದೇ ಚಿಂತೆಯಲ್ಲಿ ಹೊಲಿಗೆ ಕಲಿಸಿದರು. ಬಟ್ಟೆಯ ಮೇಲೆ ದಾರ ಬಿಗಿದು ಕಟ್ಟುವುದು, ಎಡಗೈ ಹೆಬ್ಬೆರಳು ಆ ದಾರದ ಮೇಲೆ ಸರಿಯುವುದು, ಬಲಗೈ ಹಿಂದೆ ಹಿಂದೆ ಹೊಲಿಯುವುದು. ಮೂರು ವರ್ಷ ಬೆರಳು ಚುಚ್ಚಿಕೊಂಡು ಗುಲಫಶಾ ಕಲಿತಳು.

ಆದರೆ ತಾಯಿ ಒಂದು ತಪ್ಪು ಮಾಡಿದರು. ಗಿರಾಕಿಗಳು ಏನಂದಾರೋ ಎಂದು ಹೆದರಿ, ಮಧ್ಯಾಹ್ನ ಮಗಳು ಮಲಗಿದಾಗ ಅವಳ ಸೊಟ್ಟ ಸಾಲುಗಳನ್ನು ಬಿಚ್ಚಿ ತಾವೇ ಹೊಲಿಯುತ್ತಿದ್ದರು. ಹೀಗೆ ಎರಡು ವರ್ಷ.

ಇಲ್ಲಿ ಕೌದಿಯ ಹೊಟ್ಟೆ ತುಂಬಿಸುವ ರೂಢಿಯಿದೆ. ಕೌದಿ ಹಸಿದಿರಬಾರದೆಂದು, ಕೊನೆಯ ಮೂಲೆ ಹೊಲಿಯುವ ಮೊದಲು ಒಳಗೆ ನಾಲ್ಕು ಜೋಳದ ಕಾಳು ಇಡುತ್ತಾರೆ. ಅದು ತಾಯಿಯದೇ ಕೆಲಸವಾಗಿತ್ತು. ಹೋದ ಚಳಿಗಾಲದಲ್ಲೊಮ್ಮೆ, ಮಗಳಿಗೆ ಖುಷಿಯಾಗಲೆಂದು ಕಾಳನ್ನು ಅವಳ ಕೈಗೆ ಕೊಟ್ಟರು. ಮೂಲೆ ಹುಡುಕುತ್ತ ಗುಲಫಶಾಳ ಬೆರಳು ಸಾಲುಗಳ ಮೇಲೆ ಹರಿಯಿತು, ನಿಂತಿತು.

"ಅಮ್ಮಿ, ಇದು ನನ್ನ ಹೊಲಿಗಿ ಅಲ್ಲ."

ಒಂಬತ್ತು ದಿನ ಅವಳು ಸೂಜಿ ಮುಟ್ಟಲಿಲ್ಲ. ಹತ್ತನೆಯ ದಿನ ನಜಮುನ್ನಿಸಾ ಮಗಳೆದುರು ಹೊಸ ಕೌದಿಯ ಸೀರೆ ಹಾಸಿ, ಇದನ್ನು ಪೂರ್ತಿ ನೀನೇ ಹೊಲಿ, ನಾನು ಮುಟ್ಟುವುದಿಲ್ಲ ಎಂದರು. ಅದು ಆಳಂದದ ಶಿಕ್ಷಕಿ ಸುಮಂಗಲಾ ಮೊಮ್ಮಗುವಿಗೆಂದು ಹೇಳಿಟ್ಟಿದ್ದ ಕೌದಿ. ಅವರು ಬೇಡವೆಂದರೆ ಮಗಳು ಮತ್ತೆಂದೂ ಹೊಲಿಯಲಾರಳು ಎಂಬುದು ತಾಯಿಗೆ ಗೊತ್ತಿತ್ತು.

ಗುಲಫಶಾ ಹೊಲಿದು ಮುಗಿಸಿದ ಮೇಲೆ ಸುಮಂಗಲಾ ಬಂದರು, ಕೌದಿ ಬಿಡಿಸಿ ನೋಡಿದರು. ಹೊಗಳಲಿಲ್ಲ, ಅಯ್ಯೋ ಪಾಪ ಎನ್ನಲಿಲ್ಲ. ಯಾರ ಹೊಲಿಗೆ ಎಂದು ಕೇಳಿ, ನೇರವಾಗಿ ಗುಲಫಶಾಳ ಪಕ್ಕ ಕುಳಿತು, ಅವಳ ಬೆರಳು ಹಿಡಿದು ಒಂದು ಜಾಗಕ್ಕೆ ಇಟ್ಟರು.

"ಇಲ್ಲಿ ಯಾಕ ಸೊಟ್ಟಾಗೇದ ಬೇ?"

"ಕೆಳಗ ಜರಿ ಅಂಚು ದಪ್ಪ ಅದ ರೀ. ಸೂಜಿ ತಪ್ಪಿಸ್ಕೊಂಡು ಹೋಯ್ತು."

"ಮುಂದಿನ ಸಲ ಅಂಚು ಕತ್ತರಿಸಿ ತಗಿ. ಮತ್ತೊಂದು ಬೇಕು, ದೊಡ್ಡದು," ಎಂದು ಕೌದಿ ಮಡಚಿ ಕಂಕುಳಲ್ಲಿಟ್ಟುಕೊಂಡು ಹೋದರು. ಕೆಲಸಗಾರ್ತಿಗೆ ಆಡುವ ಮಾತನ್ನು ಕೆಲಸಗಾರ್ತಿಗೆ ಆಡಿದರು, ಅಷ್ಟೇ.

ಈಗ ತಿಂಗಳಿಗೊಂದು ಕೌದಿ ಗುಲಫಶಾಳದೇ. ಅಫಜಲಪುರದಿಂದಲೂ ಕೇಳಿ ಬರುತ್ತಾರೆ. ಇನ್ನೇನು ಆಸೆಯಿದೆ ಎಂದು ಕೇಳಿದರೆ ನಜಮುನ್ನಿಸಾ ಸೂಜಿ ನಿಲ್ಲಿಸದೆ ಹೇಳುತ್ತಾರೆ: "ಊರಾಗ ಯಾರರ ನಮ್ಮ ಮನಿ ದಾರಿ ಕೇಳಿದ್ರ, ಕೌದಿ ಗುಲಫಶಾನ ಮನಿ ಅಂತ ತೋರಿಸ್ಲಿ. ನಾ ಆಕಿ ಅವ್ವ ಅಂದ್ರ ಸಾಕ್ರಿ."