ಜಮಖಾನಕ್ಕೆ ಬೆನ್ನಿಲ್ಲ

ನಮ್ಮ ಓಣಿಗೆಲ್ಲ ಸೇರಿ ಒಂದು ರೇಡಿಯೋ ಕೂಡ ಇಲ್ಲದ ದಿನಗಳು ಅವು. ಮಧ್ಯಾಹ್ನದ ಗಂಜಿ ಉಂಡು, ಪಾತ್ರೆ ತಿಕ್ಕಿ ಬೋರಲು ಹಾಕಿದ ಮೇಲೆ ಮಂಗಳೂರಿನ ಮಣ್ಣಗುಡ್ಡದ ನಮ್ಮ ಓಣಿಯ ಹೆಂಗಸರಿಗೆ ಹೋಗಲು ಇದ್ದದ್ದು ಒಂದೇ ಜಾಗ, ನಮ್ಮ ಮನೆಯ ಜಗಲಿ. ಅಲ್ಲಿ ನನ್ನ ದೊಡ್ಡಮ್ಮನ ಮಗ್ಗ ಇತ್ತು. ಇವತ್ತಿಗೂ ಎಲ್ಲಾದರೂ ಹಸಿ ನೂಲಿಗೆ ಹಾಕಿದ ಗಂಜಿಯ ಹುಳಿ ವಾಸನೆ ಬಂದರೆ ನನಗೆ ಒಂಬತ್ತು ವರ್ಷವಾಗುತ್ತದೆ, ಮೊಣಕಾಲು ನೋವೂ ಮರೆತುಹೋಗುತ್ತದೆ.

ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ, ಸೇಸಮ್ಮ. ಗಂಡ ತೀರಿದ ಮೇಲೆ ನಮ್ಮ ಜೊತೆಗೇ ಇದ್ದಳು. ಮೊದಲು ಒಂದು ನೇಯ್ಗೆ ಕಾರ್ಖಾನೆಯಲ್ಲಿ ಜಮಖಾನ ನೇಯುತ್ತಿದ್ದಳು. ಅಲ್ಲಿ ಆ ಕೆಲಸ ನಿಂತಾಗ ಹಳೆಯ ಮಗ್ಗವೊಂದನ್ನು ಕೈಗಾಡಿಯಲ್ಲಿ ಹೇರಿಸಿಕೊಂಡು ಬಂದು ಜಗಲಿಯ ಬಡಗು ಗೋಡೆಗೆ ನಿಲ್ಲಿಸಿದಳು. ಎರಡು ಕಂಬ, ಮೇಲೊಂದು ಕೆಳಗೊಂದು ದುಂಡು ತೊಲೆ, ನಡುವೆ ಬಿಗಿಯಾಗಿ ಕಟ್ಟಿದ ಹಾಸುನೂಲು, ಅಷ್ಟೆ. ಬಣ್ಣದ ನೂಲನ್ನು ಬೆರಳಲ್ಲೇ ತೂರಿಸಿ, ಕಬ್ಬಿಣದ ಬಾಚಣಿಗೆಯಿಂದ ಟಕ್ ಟಕ್ ಎಂದು ಬಡಿದು ಕೂರಿಸುವುದು. ಬಂದವರು ಒಂದೆಳೆಯಾದರೂ ಹಾಕದೆ ಎದ್ದು ಹೋಗಬಾರದು ಎನ್ನುವುದು ಅವಳ ಕಟ್ಟಳೆ. ಉಪ್ಪು ಸಾಲ ಕೇಳಲು ಬಂದವರೂ ಒಂದೆಳೆ ಹಾಕಿಯೇ ಉಪ್ಪು ತೆಗೆದುಕೊಂಡು ಹೋಗುತ್ತಿದ್ದರು.

ಅವಳಿಗೆ ಇನ್ನೊಂದು ಹಟವಿತ್ತು. ಬಣ್ಣ ಬದಲಾಗುವಲ್ಲಿ ನೂಲಿನ ತುದಿಯನ್ನು ಹಿಂದೆ ಜೋತಾಡಲು ಬಿಡುತ್ತಿರಲಿಲ್ಲ. ನೇಯ್ಗೆಯ ಒಳಗೇ ಅಡಗಿಸಬೇಕು, ಎರಡೂ ಕಡೆ ಒಂದೇ ಥರ ಕಾಣಬೇಕು. "ಬೆನ್ನು ಇರುವುದು ಮನುಷ್ಯರಿಗೆ. ಜಮಖಾನಕ್ಕೆ ಬೆನ್ನಿಲ್ಲ," ಎನ್ನುತ್ತಿದ್ದಳು.

ಆ ವರ್ಷ ಮಳೆ ಹಿಡಿಯುವ ಹೊತ್ತಿಗೆ ದೊಡ್ಡಮ್ಮನಿಗೆ ಒಂದು ದೊಡ್ಡ ಕೆಲಸ ಬಂತು. ಪೇಟೆಯ ಮಹಿಳಾ ಸಮಾಜದವರು ಹೊಸ ಹಾಲ್ ಕಟ್ಟಿಸಿದ್ದರು. ಅದರ ಗೋಡೆಗೆ ತೂಗುಹಾಕಲು ನೇಯ್ಗೆಯ ಚಿತ್ರವೊಂದು ಬೇಕಿತ್ತು. ಡ್ರಾಯಿಂಗ್ ಮಾಸ್ತರರೊಬ್ಬರು ಬರೆದುಕೊಟ್ಟ ಚಿತ್ರದಲ್ಲಿ ಇದ್ದದ್ದು ಒಂದು ಮಂಜಿ, ಸುತ್ತ ಬರೀ ನೀರು, ಮೇಲೆ ಆಕಾಶ. ಮಂಗಳೂರಿನವರಿಗೆ ಮಂಜಿ ಎಂದರೆ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಬಂದರಿನಿಂದ ಅಕ್ಕಿ, ಹಂಚು ಹೇರಿಕೊಂಡು ದ್ವೀಪಗಳಿಗೆ ಹೋಗುತ್ತಿದ್ದ ದೊಡ್ಡ ಹಾಯಿ ಹಡಗು.

ಚಿತ್ರವನ್ನು ಹಾಸುನೂಲಿನ ಹಿಂದೆ ಕಟ್ಟಿದ ದಿನವೇ ಐಸಮ್ಮ ಬಂದರು. ಓಣಿಯ ಕೊನೆಯ ಮನೆಯ ಬ್ಯಾರಿ ಮುಸ್ಲಿಂ ಹೆಂಗಸು, ದೊಡ್ಡಮ್ಮನ ಜೀವದ ಗೆಳತಿ. ಗಂಡನಿಲ್ಲ, ಇದ್ದವನು ಒಬ್ಬನೇ ಮಗ ಹಮೀದ್. ಮಂಜಿಯಲ್ಲಿ ಕೆಲಸಕ್ಕಿದ್ದ. ದ್ವೀಪದಿಂದ ಬರುವಾಗಲೆಲ್ಲ ನನಗೆ ಒಂದು ಮುಷ್ಟಿ ಕವಡೆ ತರುತ್ತಿದ್ದ. ಓಣಿಯ ಮಕ್ಕಳೆಲ್ಲ ಚೆನ್ನೆಮಣೆಯ ಗುಳಿಗಳಿಗೆ ಮಂಜೊಟ್ಟಿಯ ಕೆಂಪು ಕಾಳು ಹಾಕಿ ಆಡಿದರೆ ನಾನು ಮಾತ್ರ ಹಮೀದಣ್ಣನ ಕವಡೆ ಹಾಕಿ ಆಡುತ್ತಿದ್ದೆ. ಆ ಗತ್ತು ನೋಡಬೇಕಿತ್ತು! ಈ ಸಲ ದೊಡ್ಡ ಶಂಖ ತರುತ್ತೇನೆ ಎಂದು ಹೇಳಿ ಹೋಗಿದ್ದ. ಮಳೆಗೆ ಮುಂಚಿನ ಕೊನೆಯ ಸವಾರಿಗೆ ಹೋದ ಮಂಜಿಗಳೆಲ್ಲ ತಿರುಗಿ ಬಂದವು. ಅವನದು ಬರಲಿಲ್ಲ. ದ್ವೀಪದಲ್ಲೇ ಉಳಿದಿರಬೇಕು, ಮಳೆಗಾಲ ಕಳೆದು ಬರುತ್ತಾರೆ ಎಂದು ಬಂದರಿನವರು ಹೇಳಿದ್ದರು.

ದೊಡ್ಡಮ್ಮನೂ ಐಸಮ್ಮನೂ ತಮ್ಮೊಳಗೆ ಆಡುತ್ತಿದ್ದದ್ದು ತುಳು. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಉಪ್ಪು ಖಾರ ಸ್ವಲ್ಪ ಕಡಿಮೆಯಾದರೆ ಕ್ಷಮಿಸಬೇಕು.

ಐಸಮ್ಮ ಚಿತ್ರವನ್ನು ತುಂಬ ಹೊತ್ತು ನೋಡಿದರು. "ಸೇಸಕ್ಕಾ, ಇದು ಹೋಗುವ ಮಂಜಿಯಾ, ಬರುವುದಾ?"

"ಚಿತ್ರದಲ್ಲಿ ದಡವೇ ಇಲ್ಲ, ಎಂತ ಹೇಳುವುದು ಮಾರಾಯ್ತಿ?"

ಐಸಮ್ಮ ಮಗ್ಗದ ಎದುರು ಕೂತರು. ಎಡಗೈ ಚಾಚಿ, "ಕಡಲು ಈಚೆ," ಎಂದರು. ಬಲಗೈ ಚಾಚಿ, "ಊರು ಆಚೆ. ಮೂತಿ ಊರಿನ ಕಡೆಗೆ ಉಂಟು. ಬರುವುದೇ." ಆಮೇಲೆ ಸೆರಗು ಬಿಗಿದರು. "ಮಂಜಿಯನ್ನು ನಾನೇ ನೇಯ್ತೇನೆ. ಬೇರೆ ಯಾರೂ ಕೈ ಹಾಕುವುದು ಬೇಡ."

ಹಾಗೆ ಶುರುವಾಯಿತು. ಓಣಿಯ ಹೆಂಗಸರು ನೀರು ನೇಯ್ದರು, ಒಬ್ಬೊಬ್ಬರದು ಒಂದೊಂದು ತೆರೆ. ಅಂಗಳದ ಮೂಲೆಯಲ್ಲಿ ಬಣ್ಣದ ಹಂಡೆ ಕುದಿಯುತ್ತಿತ್ತು. ನನ್ನ ಕೈಗಳು ಮೊಣಕೈಯವರೆಗೆ ನೀಲಿ. ಶಾಲೆಯಲ್ಲಿ ಟೀಚರು ತೊಳೆದು ಬಾ ಎಂದು ಎರಡು ಸಲ ಹೊರಗೆ ಕಳಿಸಿದರು. ಎರಡು ಸಲವೂ ನೀಲಿಯಾಗಿಯೇ ಒಳಗೆ ಬಂದೆ. ಕಡಲಿಗೆ ಒಂದೇ ನೀಲಿ ಸಾಲದು ಎಂದು ಐಸಮ್ಮ ಪಟ್ಟು ಹಿಡಿದಿದ್ದರು. "ಅಳಿವೆಯ ನೀರು ಕೆಸರು ಬಣ್ಣ. ಅದರಾಚೆ ಹಸಿರು. ಮತ್ತೆ ನೀಲಿ, ಮತ್ತೆ ಕಪ್ಪು. ಹಮೀದ್ ಹೇಳಿದ್ದಾನೆ." ಹಮೀದ್ ಹೇಳಿದ್ದಾನೆ ಎಂದ ಮೇಲೆ ಮುಗಿಯಿತು, ಹಂಡೆಗೆ ಇನ್ನೊಂದು ಬಣ್ಣ ಬೀಳಲೇಬೇಕು.

ಸಂಜೆಯಾಗುವಾಗ ಯಾರದಾದರೂ ಮನೆಯಿಂದ ಗೋಳಿಬಜೆ ಬರುತ್ತಿತ್ತು, ಇಲ್ಲವೇ ಸುಟ್ಟ ಹಲಸಿನ ಹಪ್ಪಳ ಮತ್ತು ಕಾಯಿಚೂರು. ಎಣ್ಣೆ ಕೈ ನೂಲಿಗೆ ತಾಗೀತು ಎಂದು ದೊಡ್ಡಮ್ಮ ಎಲ್ಲರನ್ನೂ ಗದರಿಸಿ, ತಾನು ಮಾತ್ರ ಮಗ್ಗದ ಬುಡದಲ್ಲೇ ಕೂತು ತಿನ್ನುತ್ತಿದ್ದಳು.

ಮಾಸ್ತರರ ಚಿತ್ರದಲ್ಲಿ ಚುಕ್ಕಾಣಿ ಹಿಡಿದ ಒಬ್ಬ ಮನುಷ್ಯನಿದ್ದ. ಐಸಮ್ಮ ಅವನನ್ನು ಬಿಟ್ಟುಬಿಟ್ಟರು. ಮನುಷ್ಯರ ರೂಪ ಮಾಡುವುದು ತಮಗೆ ಸಲ್ಲದು ಎಂದರು. ನನಗೆ ಸಮಾಧಾನವಾಗಲಿಲ್ಲ. "ಹಾಗಾದರೆ ಹಮೀದಣ್ಣ ಎಲ್ಲಿ?" ಎಂದು ಕೇಳಿದೆ. ದೊಡ್ಡಮ್ಮ ನನ್ನ ತೊಡೆ ಚಿವುಟಿದಳು. ಐಸಮ್ಮ ಬಾಚಣಿಗೆ ಬಡಿಯುವುದನ್ನು ನಿಲ್ಲಿಸದೆ ಹೇಳಿದರು: "ಒಳಗೆ ಮಲಗಿದ್ದಾನೆ ಮಗಾ. ಮಧ್ಯಾಹ್ನ ಅಲ್ವಾ?"

ಮಳೆಯ ತಿಂಗಳು ಆಟಿ ಕಳೆಯಿತು, ಸೋಣವೂ ಕಳೆಯಿತು. ಕಡಲು ತಗ್ಗಿ ಮಂಜಿಗಳು ಮತ್ತೆ ಬರತೊಡಗಿದವು. ಐಸಮ್ಮ ಬೆಳಿಗ್ಗೆ ಬಂದರಿಗೆ ಹೋಗಿ ಬಂದು ಮಧ್ಯಾಹ್ನ ಮಗ್ಗಕ್ಕೆ ಕೂರುತ್ತಿದ್ದರು. ಏನು ಸುದ್ದಿ ಎಂದು ಯಾರೂ ಕೇಳುತ್ತಿರಲಿಲ್ಲ. ಅವರು ನೂಲು ತೆಗೆದುಕೊಳ್ಳುವ ರೀತಿಯಲ್ಲೇ ಗೊತ್ತಾಗುತ್ತಿತ್ತು. ಮಂಜಿ ಮಾತ್ರ ಮಗ್ಗದಲ್ಲಿ ದಿನ ದಿನಕ್ಕೆ ಏರುತ್ತಾ ಹೋಯಿತು. ನವರಾತ್ರಿಯ ಹೊತ್ತಿಗೆ ಹಾಯಿಯೂ ಮುಗಿದು, ಮೇಲಿನ ಅಂಚು ಒಂದು ಗೇಣು ಉಳಿದಿತ್ತು.

ಆ ಒಂದು ಗೇಣಿನಲ್ಲಿ ನಾನು ಕೈ ಹಾಕಿದೆ. ನಾನು ನಾಲ್ಕನೇ ಕ್ಲಾಸು, ಅಕ್ಷರ ದುಂಡಗೆ ಎಂದು ಶಾಲೆಯಲ್ಲಿ ಹೆಸರು ಪಡೆದವಳು. ಜಂಬಕ್ಕೆ ಕೊರತೆಯಿರಲಿಲ್ಲ. ದೊಡ್ಡಮ್ಮನಿಗೆ ಓದು ಬರುತ್ತಿರಲಿಲ್ಲ. ಐಸಮ್ಮನಿಗೆ ಕುರಾನ್ ಬಾಯಿಪಾಠ ಬರುತ್ತಿತ್ತು, ಕನ್ನಡ ಅಕ್ಷರ ಒಂದೂ ಬರುತ್ತಿರಲಿಲ್ಲ. ಇಷ್ಟು ಚಂದದ ಕೆಲಸ ಮಾಡಿದವರ ಹೆಸರು ಅದರಲ್ಲಿ ಬೇಡವೇ? ಲೆಕ್ಕದ ಪುಸ್ತಕದ ಚೌಕುಳಿ ಹಾಳೆ ಹರಿದು, ಒಂದೊಂದು ಮನೆ ತುಂಬಿಸಿ ಎರಡು ಹೆಸರು ಬರೆದೆ. ಎಡಕ್ಕೆ ಸೇಸಮ್ಮ, ಬಲಕ್ಕೆ ಐಸಮ್ಮ.

"ಎಂತಕ್ಕೆ ಮಗಾ ಇದೆಲ್ಲ?" ಎಂದು ದೊಡ್ಡಮ್ಮ ನಾಚಿಕೊಂಡಳು. ಆದರೆ ಹಾಳೆಯನ್ನು ಮಡಚಿಡಲಿಲ್ಲ. ಮಾರನೆಯ ದಿನ ಇಬ್ಬರೂ ಪಕ್ಕ ಪಕ್ಕ ಕೂತು, ನಾನು ತೋರಿಸಿದ ಮನೆಗಳನ್ನು ಎಣಿಸಿಕೊಂಡು, ತಮ್ಮ ತಮ್ಮ ಹೆಸರನ್ನು ಕೆಂಪು ನೂಲಲ್ಲಿ ನೇಯ್ದರು. ಐಸಮ್ಮ ತಮ್ಮ ಹೆಸರಿನ ಮೇಲೆ ಬೆರಳಾಡಿಸಿ, "ಇದು ನಾನಾ?" ಎಂದು ನಕ್ಕರು. ಆ ಮಳೆಗಾಲದಲ್ಲಿ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹೊಸ ಹಾಲ್‌ನ ಉದ್ಘಾಟನೆ ದೀಪಾವಳಿಗೆ ಮೊದಲು ಇತ್ತು. ಇಡೀ ಓಣಿ ನಡೆದುಕೊಂಡೇ ಹೋಯಿತು. ಚಿತ್ರವನ್ನು ಆಗಲೇ ವೇದಿಕೆಯ ಹಿಂದಿನ ಗೋಡೆಗೆ ಹಾಕಿದ್ದರು. ಉಳಿದ ಮೂರು ಗೋಡೆಗಳಲ್ಲಿ ಕಿಟಕಿ ಬಾಗಿಲು, ಹಾಕಲು ಇದ್ದದ್ದು ಅದೊಂದೇ. ಎಲ್ಲರೂ ಆಹಾ ಎಂದರು. ಐಸಮ್ಮ ಬಾಗಿಲಲ್ಲೇ ನಿಂತಿದ್ದರು.

"ಮಗಾ, ಇಲ್ಲಿಂದ ಕಡಲು ಎಲ್ಲಿ?"

ನಾನು ಬಲಗಡೆಗೆ ಕೈ ತೋರಿಸಿದೆ. ತೋರಿಸಿದ ಮೇಲೆಯೇ ನನಗೂ ಕಂಡದ್ದು. ನಮ್ಮ ಜಗಲಿಯಲ್ಲಿ ಮಗ್ಗ ಇದ್ದದ್ದು ಬಡಗು ಗೋಡೆಗೆ, ಇದು ಅದಕ್ಕೆ ಎದುರು ದಿಕ್ಕಿನ ತೆಂಕು ಗೋಡೆ. ಅಲ್ಲಿ ಊರಿನ ಕಡೆಗಿದ್ದ ಮೂತಿ ಇಲ್ಲಿ ನೇರ ಕಡಲಿನ ಕಡೆಗೆ ತಿರುಗಿತ್ತು.

"ಸೇಸಕ್ಕಾ," ಐಸಮ್ಮನ ಸ್ವರ ತೀರ ಸಣ್ಣದಾಗಿತ್ತು, "ಇದು ಹೋಗ್ತಾ ಉಂಟಲ್ಲ."

ದೊಡ್ಡಮ್ಮ ಎಂದೂ ದೊಡ್ಡವರೆದುರು ಬಾಯಿ ತೆರೆದವಳಲ್ಲ. ಅವತ್ತು ಜನರ ನಡುವೆ ನುಗ್ಗಿ ಸಮಾಜದ ಅಧ್ಯಕ್ಷೆಯ ಹತ್ತಿರ ಹೋದಳು. "ಅಮ್ಮಾ, ಅದನ್ನು ತಿರುಗಿಸಿ ಹಾಕಿ. ಎರಡೂ ಕಡೆ ಒಂದೇ, ಬೆನ್ನಿಲ್ಲ ಅದಕ್ಕೆ. ಐದು ನಿಮಿಷದ ಕೆಲಸ."

ಅಧ್ಯಕ್ಷೆ ಕೆಟ್ಟವರಲ್ಲ. ಅವರು ಮೇಲೆ ನೋಡಿದರು. "ತಿರುಗಿಸಿದರೆ ಹೆಸರು ಉಲ್ಟಾ ಆಗ್ತದಲ್ಲ? ಇಷ್ಟು ಚಂದ ಬರೆದಿದ್ದೀರಿ." ಆಮೇಲೆ ದೊಡ್ಡಮ್ಮನ ಸೆರಗು ಹಿಡಿದು ನಿಂತಿದ್ದ ನನ್ನನ್ನು ನೋಡಿ ನಕ್ಕರು. "ಅಕ್ಷರ ಬರೆದುಕೊಟ್ಟದ್ದು ನೀನಂತೆ? ನೀನೇ ಹೇಳು, ಉಲ್ಟಾ ಮಾಡುವುದಾ?"

ಎಲ್ಲರೂ ನನ್ನತ್ತ ನೋಡುತ್ತಿದ್ದರು. ದೊಡ್ಡಮ್ಮನೂ ನೋಡುತ್ತಿದ್ದಳು. ನಾನು ಹೇಳಿದೆ: "ಬೇಡ. ಉಲ್ಟಾ ಆದರೆ ಯಾರಿಗೂ ಓದ್ಲಿಕ್ಕೆ ಆಗುದಿಲ್ಲ."

ಸುತ್ತಲಿದ್ದವರು ನಕ್ಕರು. ಜಾಣೆ ಎಂದು ಯಾರೋ ಬೆನ್ನು ತಟ್ಟಿದರು. ಅಷ್ಟರಲ್ಲಿ ಅತಿಥಿಗಳು ಬಂದರು, ದೀಪ ಹಚ್ಚಿದರು, ಪ್ರಾರ್ಥನೆ ಶುರುವಾಯಿತು.

ಮನೆಗೆ ಬರುವಾಗ ದೊಡ್ಡಮ್ಮ, "ನಾಳೆ ನಾನೇ ಹೋಗಿ ಹೆಸರು ಬಿಚ್ಚಿ ತಿರುಗಿಸಿ ಹಾಕ್ತೇನೆ ಐಸಮ್ಮ," ಎಂದಳು. "ಬೇಡ ಸೇಸಕ್ಕ," ಎಂದರು ಐಸಮ್ಮ. "ಮಗು ಆಸೆಯಿಂದ ಮಾಡಿದ್ದು." ದಾರಿಯುದ್ದಕ್ಕೂ ಅವರು ನನ್ನ ಕೈ ಹಿಡಿದುಕೊಂಡೇ ನಡೆದರು. ಅವರು ಒಂದು ಏಟು ಕೊಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಎಪ್ಪತ್ತು ದಾಟಿದ ಮೇಲೂ ಅನ್ನಿಸುತ್ತದೆ.

ದೀಪಾವಳಿ ಕಳೆದ ವಾರ ಬಂದರಿನಿಂದ ಇಬ್ಬರು ಹಿರಿಯರು ಓಣಿಗೆ ಬಂದರು. ಮಳೆ ಶುರುವಾದಾಗಲೇ ಕಾಸರಗೋಡಿನಾಚೆ ದಡಕ್ಕೆ ಹಲಗೆಗಳು ಬಂದು ಬಿದ್ದಿದ್ದವಂತೆ. ಆ ಮಂಜಿಯದೇ ಎಂದು ಖಾತ್ರಿಯಾಗದೆ ತಾಯಿಗೆ ಹೇಳುವುದು ಹೇಗೆ ಎಂದು ಇಷ್ಟು ದಿನ ಸುಮ್ಮನಿದ್ದರಂತೆ. ಅಂದರೆ ಐಸಮ್ಮ ಮೊದಲ ಎಳೆ ಹಾಕುವ ಮೊದಲೇ ಎಲ್ಲ ಮುಗಿದಿತ್ತು. ನನ್ನ ಅಕ್ಷರಗಳಿಂದ ಏನೂ ಆಗಲಿಲ್ಲ ಎಂದು ಬುದ್ಧಿಗೆ ಗೊತ್ತು. ಆದರೆ ಒಂಬತ್ತು ವರ್ಷದ ಹುಡುಗಿಗೆ ಅದು ಗೊತ್ತಾಗಲಿಲ್ಲ. ಕವಡೆಗಳನ್ನೆಲ್ಲ ಬಾವಿಗೆ ಹಾಕಿಬಿಟ್ಟೆ, ಮತ್ತೆ ಚೆನ್ನೆಮಣೆ ಮುಟ್ಟಲಿಲ್ಲ.

ಐಸಮ್ಮನನ್ನು ಪಣಂಬೂರಿನ ಅಣ್ಣ ಬಂದು ಕರೆದುಕೊಂಡು ಹೋದರು. ಹೊರಡುವ ದಿನ ನನ್ನ ತಲೆ ಸವರಿ, "ನಿನ್ನ ಅಕ್ಷರ ಚಂದ ಉಂಟು ಮಗಾ. ಓದು ಬಿಡಬೇಡ," ಎಂದರು. ನಾನು ಓದು ಬಿಡಲಿಲ್ಲ, ಟೀಚರೂ ಆದೆ. ಆದರೆ ಅವರನ್ನು ಮತ್ತೆ ನೋಡಲಿಲ್ಲ. ಮುಂದೆ ಅಲ್ಲಿ ಹೊಸ ಬಂದರು ಬಂತು, ಇದ್ದ ಮನೆಗಳು ಎದ್ದು ಹೋದವು. ಎಲ್ಲಿಗೆ ಹೋದರು ಎಂದು ಹೇಳುವವರು ಸಿಗಲಿಲ್ಲ. ದೊಡ್ಡಮ್ಮ ಆಮೇಲೆ ನೇಯ್ದದ್ದು ಪಟ್ಟೆಯ ಜಮಖಾನ ಮಾತ್ರ. ಅವಳು ಹೋದ ಮೇಲೆ ಮಗ್ಗವನ್ನು ಸೌದೆಗೆ ಒಡೆದರು. ಈಗ ಆ ಓಣಿಯಲ್ಲಿ ಜಗಲಿಯಿರುವ ಮನೆ ಒಂದೂ ಇಲ್ಲ. ಒಂದೆಳೆ ಹಾಕಿ ಹೋಗು ಎಂದು ಕೂಗುವವರೂ ಇಲ್ಲ.

ಮೊನ್ನೆ ಮಹಿಳಾ ಸಮಾಜದ ಆ ಹಾಲ್ ಅನ್ನು ಕೆಡವಿದರು. ಹಳೆಯ ಪರಿಚಯದ ಹೆಂಗಸೊಬ್ಬರು ಫೋನ್ ಮಾಡಿ, ನಿಮ್ಮ ದೊಡ್ಡಮ್ಮನ ಜಮಖಾನವೊಂದು ಉಂಟು, ಬೇಕಾ ಎಂದು ಕೇಳಿದರು. ಆಟೋದಲ್ಲಿ ಹಾಕಿಕೊಂಡು ಪಡೀಲಿನ ನನ್ನ ಮನೆಗೆ ತಂದೆ. ಬಿಚ್ಚಿ ನೋಡಿದರೆ ಕಿಟಕಿಯ ಬೆಳಕು ಬಿದ್ದು ಬಿದ್ದು ಎಲ್ಲ ಬೂದಿ ಬಣ್ಣ. ಮಂಜಿ ಎಲ್ಲಿ, ನೀರು ಎಲ್ಲಿ ಎಂದೇ ತಿಳಿಯುವುದಿಲ್ಲ. ತಿರುಗಿಸಿದೆ. ಇಷ್ಟು ವರ್ಷ ಗೋಡೆಗೆ ಒತ್ತಿಕೊಂಡಿದ್ದ ಆ ಕಡೆಯಲ್ಲಿ ಕೆಸರು, ಹಸಿರು, ನೀಲಿ, ಕಪ್ಪು ಎಲ್ಲ ಹಂಡೆಯಿಂದ ಈಗಷ್ಟೇ ತೆಗೆದ ಹಾಗೆ ಇದ್ದವು. ಐಸಮ್ಮ ನೋಡಬೇಕೆಂದಿದ್ದ ಮುಖ ಅದು. ನೆಲದ ಮೇಲೆ ಕೂತು ಅತ್ತೆ.

ಆ ಮುಖವನ್ನೇ ಮುಂದೆ ಮಾಡಿ ನನ್ನ ಕೋಣೆಯ ತೆಂಕು ಗೋಡೆಗೆ ಹಾಕಿಸಿದ್ದೇನೆ. ಮೂತಿ ಈಗ ಕಡಲಿಗೆ ಬೆನ್ನು ಹಾಕಿದೆ, ಮಂಜಿ ಊರಿಗೆ ಬರುತ್ತಿದೆ. ಸೊಸೆ ಬಂದವಳು ಮೇಲಿನ ಅಂಚನ್ನು ನೋಡಿ, "ಅತ್ತೇ, ಇದು ಉಲ್ಟಾ ಆಗಿದೆ. ಹೆಸರು ಓದ್ಲಿಕ್ಕೆ ಆಗುದಿಲ್ಲ," ಎಂದಳು.

ಇರಲಿ ಬಿಡು ಎಂದೆ. ಆ ಹೆಸರಿನವರಿಬ್ಬರಿಗೂ ಓದು ಬರುತ್ತಿರಲಿಲ್ಲ. ಅಕ್ಷರ ನೆಟ್ಟಗೆ ಇರಬೇಕಾಗಿದ್ದದ್ದು ನನಗೊಬ್ಬಳಿಗೆ.